ಚಂದ್ರನ ಮೇಲಿನ ಆರ್ಯಭಟ

ಶುಕ್ಲಪಕ್ಷದ ಅಷ್ಟಮಿಯ ಸಂಜೆ ಕೊಂಡಾಪುರದ ನಮ್ಮ ಮಹಡಿಯ ಮೇಲೆ ನಿಂತು ನೋಡಿದರೆ, ಚಂದ್ರನ ಬೆಳಗಿದ ಭಾಗದಲ್ಲಿ ಮಾಸಲು ಕಲೆಗಳು ಕಾಣುತ್ತವೆ. ನಮ್ಮ ಹಿರಿಯರು ಚಂದ್ರನ ಕಲೆಗಳಲ್ಲಿ ಮೊಲವನ್ನು ಕಂಡರು. ಯೂರೋಪಿನ ಖಗೋಳಜ್ಞರು ಅವನ್ನು ಸಾಗರಗಳೆಂದು ಕರೆದರು. ಅವುಗಳಲ್ಲೊಂದು ಶಾಂತಸಾಗರ. ಹೆಸರಿಗೆ ಸಾಗರ, ಹನಿ ನೀರಿಲ್ಲ. ಅದರ ಪೂರ್ವಭಾಗದಲ್ಲಿ ನಮ್ಮ ದೇಶದವನೊಬ್ಬನ ಹೆಸರಿದೆಯೆಂಬುದನ್ನು ಬಹುಮಂದಿ ಅರಿಯರು.

ಅದೇ ಆರ್ಯಭಟ ಕುಳಿ. ಅಡ್ಡಳತೆ ಸುಮಾರು 22 ಕಿಲೋಮೀಟರು. ಅತಿ ಪುರಾತನ ಕಾಲದಲ್ಲಿ ಆಕಾಶದಿಂದ ಬಂದೆರಗಿದ ಬಂಡೆಯ ಹೊಡೆತಕ್ಕೆ ಹುಟ್ಟಿದ ಕುಳಿಯಿದು. ಅನಂತರ ಚಂದ್ರಗರ್ಭದಿಂದ ಉಕ್ಕಿದ ಕರಗಿದ ಶಿಲೆ ಸುತ್ತಣ ತಗ್ಗನ್ನೆಲ್ಲ ತುಂಬಿ ಇದನ್ನೂ ಮುಳುಗಿಸಿತು. ಈಗ ಉಳಿದಿರುವುದು ಪೂರ್ವದ ಅಂಚಿನ ಬಿಲ್ಲಿನಾಕಾರದ ದಿಣ್ಣೆ ಮಾತ್ರ. ನೈಋತ್ಯಕ್ಕೆ ಮಾಸ್ಕೆಲೈನ್ ಕುಳಿ. ಅದಕ್ಕೂ ಪಶ್ಚಿಮಕ್ಕೆ, 1969ರ ಜುಲೈ 20ರಂದು ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಇಳಿದ ನೆಲ.

ಇಂಗ್ಲೆಂಡಿನ ಆಸ್ಥಾನ ಖಗೋಳಜ್ಞ ನೆವಿಲ್ ಮಾಸ್ಕೆಲೈನರ ಹೆಸರು ಹೊತ್ತ ಆ ಕುಳಿಗೆ ಸೇರಿಸಿ, ನಮ್ಮ ಕುಳಿಯನ್ನು ಮೊದಲು 'ಮಾಸ್ಕೆಲೈನ್ ಇ' ಎಂದು ಕರೆಯುತ್ತಿದ್ದರು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದಕ್ಕೆ ಆರ್ಯಭಟನ ಹೆಸರಿಟ್ಟಿತು. ಬ್ಯಾಂಕ್ ಗುಮಾಸ್ತನ ಮಾತಿನಲ್ಲಿ ಹೇಳುವುದಾದರೆ, ಪರರ ಖಾತೆಯಲ್ಲಿದ್ದ ಬಾಬ್ತು ಸ್ವಂತ ಹೆಸರಿಗೆ ವರ್ಗವಾಯಿತು.

ಹೆಸರು ಯೋಗ್ಯವಾದದ್ದೇ. ಕ್ರಿ.ಶ. 499ರಲ್ಲಿ ತನಗೆ 23 ವರ್ಷವೆಂದು 'ಆರ್ಯಭಟೀಯ'ದಲ್ಲಿ ಹೇಳಿಕೊಂಡಿರುವ ಈ ಮಹನೀಯನು, ಚಂದ್ರನ ಬೆಳಕು ಸೂರ್ಯನದೆಂದೂ ಚಂದ್ರಗ್ರಹಣಕ್ಕೆ ಭೂಮಿಯ ನೆರಳೇ ಕಾರಣವೆಂದೂ ತಿಳಿಸಿದನು.

ಈ ಹೆಸರಿಗೆ ಕನ್ನಡನಾಡಿನ ನಂಟೂ ಉಂಟು. ಅದಮಾರಿನಲ್ಲಿ ಜನಿಸಿದ ಉಡುಪಿ ರಾಮಚಂದ್ರ ರಾಯರ ಮುಂದಾಳ್ತನದಲ್ಲಿ, ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾದ 360 ಕಿಲೋಗ್ರಾಂ ತೂಕದ 'ಆರ್ಯಭಟ' ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಗಗನಕ್ಕೇರಿತು. ವಿದ್ಯುತ್ ಪೂರೈಕೆ ಕೆಟ್ಟು ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದುವು. ಆದರೂ ಕಲಿತ ವಿದ್ಯೆ ನಷ್ಟವಾಗಲಿಲ್ಲ. ಮುಂದಿನ ಉಪಗ್ರಹಗಳಿಗೆ ಅದೇ ಮೂಲಧನವಾಯಿತು. ಎರಡು ರೂಪಾಯಿಯ ಹಳೆಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ಇಂದಿಗೂ ಕಾಣಸಿಗುತ್ತದೆ.

1956ರಲ್ಲಿ ಒಂದುಗೂಡಿದ ನಮ್ಮ ನಾಡಿಗೂ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೆಸರಿಡಲು ಒಂದು ಗೊತ್ತುವಳಿ ಸಾಕು. ಅದನ್ನು ಉಳಿಸಿಕೊಳ್ಳಲು ತಲೆಮಾರುಗಳ ದುಡಿಮೆ ಬೇಕು. ಹೊರನಾಡಿನಲ್ಲಿ ನೆಲಸಿದ ನಾವು ಈ ರಾಜ್ಯೋತ್ಸವದ ರಾತ್ರಿ ಮಕ್ಕಳನ್ನು ಮಹಡಿಗೆ ಕರೆದೊಯ್ದು, ಆರ್ಯಭಟನ ಕತೆಯನ್ನು ಕನ್ನಡದಲ್ಲಿಯೇ ಹೇಳೋಣ.