ಕೊಟ್ಟ ನೆಲ, ಕಟ್ಟಿದ ಮನೆ

2009ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡದೆ ಸುರಿದ ಮಳೆಗೆ ಕೃಷ್ಣೆ, ತುಂಗಭದ್ರೆ ಎರಡೂ ದಂಡೆ ಮೀರಿದವು. ರಾಯಚೂರು ಜಿಲ್ಲೆಯ ದೇವದುರ್ಗ ಕೃಷ್ಣೆಯ ಮಗ್ಗುಲಿನ ತಾಲ್ಲೂಕು, ಮಾನ್ವಿ ತುಂಗಭದ್ರೆಯ ಮಗ್ಗುಲಿನದು. ರಾಯಚೂರು ತಾಲ್ಲೂಕಿಗೆ ಎರಡು ನದಿಯೂ ಗಡಿ. ಅಕ್ಟೋಬರ್ 2ರಂದು ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯವೂ ಮುಳುಗಿತು. ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು.

ಮನೆ ಕಳೆದುಕೊಂಡವರಿಗಾಗಿ ಆಗ ಬಂದದ್ದು ‘ಆಸರೆ’ ಯೋಜನೆ. ನೆರೆ ಮುಟ್ಟದ ಜಾಗದಲ್ಲಿ ನೆಲ ಒದಗಿಸಿದ್ದು ಸರ್ಕಾರ. ಮನೆ ಕಟ್ಟಲು ಕೈಜೋಡಿಸಿದ್ದು ಕಂಪನಿಗಳು, ಮಠಗಳು, ಸಂಘಸಂಸ್ಥೆಗಳು.

ಆಳುವವರು ನೆಲ ಬಿಟ್ಟುಕೊಡುವ ರೂಢಿ ಎರಡು ನದಿಗಳ ನಡುವಿನ ಈ ದೋಆಬಿಗೆ ಹೊಸದಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಉಳಿದಿವೆ. ಆ ಕಾಲದ ದತ್ತಿಶಾಸನಗಳ ಕ್ರಮ ಗಟ್ಟಿಯಾದುದು: ಹೊಲ ಎಷ್ಟು, ಯಾವ ಅಳತೆಗೋಲಿನಲ್ಲಿ ಅಳೆದದ್ದು, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಬೆಳೆ ಯಾವುದಕ್ಕೆ ಸಲ್ಲಬೇಕು, ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೊರೆಸುತ್ತಿದ್ದರು. ಕಿತ್ತುಕೊಂಡವನಿಗೆ ಕೊನೆಯಲ್ಲಿ ಶಾಪ.

ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿ ಬಹಳಷ್ಟು ನೆಲ ಜಾಗೀರು, ಇನಾಮುಗಳಾಗಿ ಹಂಚಿಹೋಯಿತು. ಬಡವರ ದುಡಿಮೆ ಬಿಟ್ಟಿ ಚಾಕರಿಯಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು.

ಎರಡು ವರ್ಷ ಕಳೆದು, 1951ರ ಏಪ್ರಿಲ್ 18ರಂದು, ವಿನೋಬಾ ಭಾವೆಯವರ ಭೂದಾನ ಚಳವಳಿ ಹುಟ್ಟಿದ್ದು ಪೋಚಂಪಳ್ಳಿಯಲ್ಲಿ. ಆ ಊರೂ ರಾಯಚೂರೂ ಆಗ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿನ ಜಮೀನುದಾರ ರಾಮಚಂದ್ರ ರೆಡ್ಡಿ ಭೂಹೀನರಿಗೆ 100 ಎಕರೆ ಕೊಟ್ಟರು. ಮುಂದೆ ದೇಶದ ನಾನಾ ಕಡೆ ದಾನವಾಗಿ ಬಂದ ಭೂಮಿಯಲ್ಲಿ ಬಹಳಷ್ಟು ಉಳುಮೆಗೆ ಬಾರದ್ದು, ಇಲ್ಲವೇ ತಕರಾರಿನದು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆಯನ್ನು ಬಿಗಿಗೊಳಿಸಿತು. ಮಿತಿ ಮೀರಿದ ಹೆಚ್ಚುವರಿ ಜಮೀನನ್ನು ಭೂಹೀನರಿಗೆ ಹಂಚುವುದು ದಾನಿಯ ಮನಸ್ಸಿಗೆ ಬಿಟ್ಟ ವಿಷಯವಾಗದೆ ಕಾನೂನಿನ ಕೆಲಸವಾಯಿತು.

‘ಆಸರೆ’ಯಲ್ಲಿ ಸರ್ಕಾರದ ನೆಲವೂ ದಾನಿಗಳ ನೆರವೂ ಒಂದಾದವು. ಸಾವಿರಾರು ಮನೆಗಳು ಎದ್ದು ನಿಂತದ್ದು ಸಣ್ಣ ಸಾಧನೆಯಲ್ಲ. ಆದರೂ ಎಷ್ಟೋ ಕಡೆ ಅವು ವರ್ಷಗಟ್ಟಲೆ ಖಾಲಿ ಉಳಿದವು. ಹೊಲ ದೂರ, ನೀರಿಲ್ಲ, ದಾರಿಯಿಲ್ಲ, ದನ ಕಟ್ಟಲು, ಬಣವೆ ಒಟ್ಟಲು ಜಾಗವಿಲ್ಲ. ಕೆಲವರಿಗೆ ಹಕ್ಕುಪತ್ರವೇ ಕೈಸೇರಲಿಲ್ಲ. ಒಕ್ಕಲುತನದ ಮನೆಗೆ ನಾಲ್ಕು ಗೋಡೆ ಸಾಲದು. ಬಾವಿ, ಕಣ, ಕೊಟ್ಟಿಗೆಗಳ ಲೆಕ್ಕವನ್ನು ಊರವರ ಜೊತೆ ಕೂತು ಮೊದಲೇ ಹಾಕಬೇಕಿತ್ತು. ಕಟ್ಟಿಸಿದವರು ಬೀಗದ ಕೈ ಕೊಟ್ಟು ಹೋದ ಮೇಲೆ ನಲ್ಲಿ, ಚರಂಡಿಗಳ ಹೊಣೆ ಯಾರದೆಂದು, ಹಳೆಯ ದತ್ತಿಶಾಸನಗಳಂತೆ, ಬರೆದಿಡಬೇಕಿತ್ತು. ಮುಂದಿನ ನೆರೆಗೆ ಮುಂಚೆ ಜಿಲ್ಲಾಡಳಿತ ಸಿದ್ಧಮಾಡಿಕೊಳ್ಳಬೇಕಾದ ಮೊದಲ ಕಾಗದ ಈ ಲೆಕ್ಕ, ಹೊಣೆಗಳದೇ.