ಡಾಲ್ಡಾ ತಗಡು

“ಇದನ್ನ ತೆಗೆದು ಎಸೆಯೋಣ ಸಾರ್” ಎಂದು ಮೆಕ್ಯಾನಿಕ್ ತೋರಿಸಿದ್ದು ಅಂಗೈಯಗಲದ ಒಂದು ತಗಡನ್ನು. ಅಪ್ಪನ 1974ರ ಕಾರಿನ ಬಾನೆಟ್ಟಿನೊಳಗೆ, ಪೆಟ್ರೋಲ್ ಪಂಪಿಗೆ ಎಂಜಿನ್ನಿನ ಕಾವು ತಾಗದಿರಲೆಂದು ಡಾಲ್ಡಾ ಡಬ್ಬಿ ಕತ್ತರಿಸಿ ಸಿಕ್ಕಿಸಿದ್ದು. ಬಣ್ಣವೆಲ್ಲ ಸುಟ್ಟುಹೋಗಿದ್ದರೂ ಒಂದು ಮೂಲೆಯಲ್ಲಿ ತಾಳೆಮರದ ಚೂರು ಇನ್ನೂ ಕಾಣುತ್ತಿತ್ತು. “ಕಂಪನಿಯಿಂದ ಬಂದಾಗ ಇದಿರಲಿಲ್ಲ. ಒರಿಜಿನಲ್ ಬೇಕು ಅಂದ್ರೆ ಇದು ಇರಬಾರದು.”

ಮಾತು ಸರಿಯೇ. ಆದರೆ ಒರಿಜಿನಲ್ ಯಾವುದು?

ನಮ್ಮ ಮನೆಯಲ್ಲಿ ಅದು ಎಂದೂ ‘ಫಿಯೆಟ್’. ಕಾಗದಪತ್ರದಲ್ಲಿ ಮಾತ್ರ ಪ್ರೀಮಿಯರ್ ಪದ್ಮಿನಿ. ಬೊಂಬಾಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಇಟಲಿಯ ಫಿಯೆಟ್ 1100ಡಿ ಮಾದರಿಯನ್ನು ಇಲ್ಲಿ ತಯಾರಿಸುತ್ತಿತ್ತು. ಆ ಹೆಸರಿನ ಕಾಲ ಮುಗಿದ ಮೇಲೆ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಅದೇ 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದ ಅದೇ ಗೇರು ಕೋಲು. ಇಟಲಿಯವರು 1966ರಲ್ಲೇ ಕೈಬಿಟ್ಟಿದ್ದ ಮಾದರಿಗೆ ಚಿತ್ತೂರಿನ ರಾಣಿಯ ಹೆಸರು! ಅಪ್ಪ ಬುಕ್ ಮಾಡಿದ್ದು ಫಿಯೆಟ್ಟನ್ನು, ಮನೆಗೆ ಬಂದದ್ದು ಪದ್ಮಿನಿ. ರಾಜ್ಯ ಆಗಲೇ ಕರ್ನಾಟಕವಾಗಿತ್ತು. ನಂಬರ್ ಪ್ಲೇಟ್ ಇನ್ನೂ ಎಂವೈ ಎನ್ನುತ್ತಿತ್ತು.

ಈ ಕಾರು ಬೊಂಬಾಯಿಯದಾಗದೆ ನಮ್ಮ ಬೆಂಗಳೂರಿನದೇ ಆಗಬಹುದಿತ್ತು ಎಂಬುದು ಬಹಳ ಜನಕ್ಕೆ ನೆನಪಿಲ್ಲ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಸ್ವದೇಶಿ ಮೋಟಾರು ಕಾರ್ಖಾನೆಗಾಗಿ ಯೋಜನೆ ಬರೆದು, ಯುರೋಪು ಅಮೆರಿಕ ಸುತ್ತಿ ಬಂದಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತಿತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಅದಕ್ಕೆ ಯುದ್ಧದ ನೆಪ ಸಿಕ್ಕಿತು. ಕಾರು ಬರಬೇಕಿದ್ದ ಊರಿಗೆ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆ ಬಂತು. ಅದೇ ವಾಲ್‌ಚಂದ್ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಪ್ರೀಮಿಯರ್ ಹುಟ್ಟಿದ್ದು 1944ರಲ್ಲಿ, ಬೊಂಬಾಯಿಯಲ್ಲಿ. ಎಚ್‌ಎಎಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಪದ್ಮಿನಿ ಬಿಸಿಯಾಗುತ್ತ ನಿಂತಾಗಲೆಲ್ಲ ನನಗೆ ಇದು ನೆನಪಾಗಿ ನಗು ಬರುತ್ತದೆ.

ಸ್ವಾತಂತ್ರ್ಯದ ಮೇಲೆ ಕಾರ್ಖಾನೆಯೇನೋ ಇತ್ತು, ಕಾರು ಸಿಗುತ್ತಿರಲಿಲ್ಲ. ಎಷ್ಟು ತಯಾರಿಸಬೇಕು ಎಂಬುದಕ್ಕೆ ಲೈಸೆನ್ಸು. ಯಾರಿಗೆ, ಹೇಗೆ ಮಾರಬೇಕು ಎಂಬುದಕ್ಕೆ 1959ರ ಕೇಂದ್ರ ಸರ್ಕಾರದ ಆದೇಶ. ಬೆಲೆಯ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಪ್ಪ ವರ್ಷಗಟ್ಟಲೆ ಕಾದರು. ಕಾದು ಪಡೆದದ್ದನ್ನು ಕೆಟ್ಟಿತೆಂದು ಯಾರೂ ಬಿಸಾಡುವುದಿಲ್ಲವಲ್ಲ, ಕೈಗೆ ಸಿಕ್ಕಿದ್ದರಲ್ಲಿ ರಿಪೇರಿ ಮಾಡುತ್ತಾರೆ.

ಶಿರಾಡಿ ಘಾಟಿ ಹತ್ತುವಾಗ ಅದು ನಿಲ್ಲುತ್ತಿತ್ತು. ಕಾವಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ, ಕಾರ್ಬ್ಯುರೇಟರಿಗೆ ಹನಿಯೂ ತಲುಪುತ್ತಿರಲಿಲ್ಲ. ಅಪ್ಪ ಬಾನೆಟ್ ಎತ್ತುವರು. ನಾವು ಮಕ್ಕಳು ತಂಬಿಗೆ ಹಿಡಿದು ಝರಿ ಹುಡುಕಿ ಓಡುವೆವು. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ಅರ್ಧ ಗಂಟೆ ಕಾದರೆ ಮತ್ತೆ ಹೊರಡುತ್ತಿತ್ತು. ಒಂದು ಬೇಸಿಗೆಯಲ್ಲಿ ಮೂರು ಸಲ ಹೀಗಾದ ಮೇಲೆ ಅಪ್ಪ ಅಡುಗೆಮನೆಯಿಂದ ಖಾಲಿ ಡಬ್ಬಿ ತಂದು ಕತ್ತರಿ ಹಿಡಿದು ಕೂತರು. “ಅದಾದ ಮೇಲೂ ಅಷ್ಟೇ ಸಲ ನಿಂತಿದೆ” ಎಂದು ಅಮ್ಮ ಈಗಲೂ ಹೇಳುತ್ತಾಳೆ.

2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನನಗೂ ಆಸೆಯಿತ್ತು, ದುರಸ್ತಿ ಶುರುವಾದದ್ದೇ ಅದಕ್ಕೆ. ನಿಯಮ ಕೇಳುವುದು ಚಾಸಿ, ಬಾಡಿ, ಎಂಜಿನ್ ಬದಲಾಗಿಲ್ಲವೇ ಎಂದು, ತಗಡನ್ನು ಕೇಳುವುದಿಲ್ಲ. ಅದನ್ನು ಕೇಳುವವರು ಪ್ರದರ್ಶನದ ತೀರ್ಪುಗಾರರು. ಅವರ ಕಣ್ಣಿಗೆ ಬೀಳದ ಬದಲಾವಣೆಗಳೂ ಇವೆ: ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯುವುದಿಲ್ಲವೆಂದು ಪೈಪು, ಪಂಪಿನ ಡಯಾಫ್ರಮ್ ಎಲ್ಲ ಹೊಸದು ಹಾಕಿದ್ದೇವೆ. ಇವೆಲ್ಲ ಇರಬಹುದಂತೆ. ಅಪ್ಪನ ತಗಡು ಇರಬಾರದಂತೆ.

ತಗಡನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮತ್ತೆ ಅಲ್ಲೇ ಹಾಕಿಸಿದೆ. ಮೆಕ್ಯಾನಿಕ್ ತಲೆಯಾಡಿಸುತ್ತಲೇ ಬಿಗಿದರು. ಅಪ್ಪ ಹಾಕಿದ್ದ ಸೈಕಲ್ ಸ್ಕ್ರೂ ತುಕ್ಕು ಹಿಡಿದಿತ್ತು, ಅದೊಂದನ್ನು ಬದಲಿಸಿದೆವು. ವಿಂಟೇಜ್ ನಂಬರಿನ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ ಹೊರಗೆ ತರಬೇಕು. ಅರ್ಜಿ ಹಾಕುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಭಾನುವಾರ ಅಮ್ಮನಿಗೆ ಮಾರ್ಕೆಟ್ಟಿಗೆ ಹೋಗಬೇಕಿದೆ.