ಅಟ್ಟದ ಮೇಲಿನ ಗಂಟು



ಹೋಳಿ ಹುಣ್ಣಿವೆ ಮುಗಿದು ಬೇವು ಚಿಗುರಿತೆಂದರೆ ಬೆಳುಂಕಿಯಂಥ ನಮ್ಮ ಜತ್ತ ತಾಲೂಕಿನ ಊರುಗಳಲ್ಲಿ ಮನೆ ಹಸನು ಮಾಡುವ ಗಡಿಬಿಡಿ. ಉಗಾದಿ ಅನ್ನಿ, ಪಾಡವಾ ಅನ್ನಿ, ಕಸಬರಿಗೆ ಒಂದೇ. ಜಂತಿಯ ಜೇಡಬಲೆ ಇಳಿಯುತ್ತದೆ, ಗೋಡೆಗೆ ಸುಣ್ಣ ಏರುತ್ತದೆ, ಒಡೆದ ಗಡಿಗೆ ತಿಪ್ಪೆ ಸೇರುತ್ತದೆ. ಹಳೆಯದು ಹೊರಗೆ ಹೋಗದೆ ಹೊಸದಕ್ಕೆ ಜಾಗವಿಲ್ಲವೆಂಬುದು ಹಿರಿಯರ ಎಣಿಕೆ. ಅದು ನಿಜವೇ. ಆದರೆ ಯಾವುದು ಕಸ, ಯಾವುದು ಬೀಜ ಎಂದು ಆರಿಸುವುದು ಹೇಗೆ? ನೆರೆಯ ವಿಜಯಪುರದ ಇತಿಹಾಸ ಇದಕ್ಕೆ ಒಂದು ಉತ್ತರ ಕೊಡುತ್ತದೆ.

ಕಾಗದ ಮನೆಮನೆಗೆ ಬರುವ ಮೊದಲು ನಮ್ಮವರು ಬರೆಯುತ್ತಿದ್ದುದು ತಾಳೆಯ ಗರಿಯ ಮೇಲೆ. ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮಸಿ ತೀಡಿ, ತೂತಿನಲ್ಲಿ ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದರೆ ಒಂದು ಕಟ್ಟು. ಓದುವ ತಲೆಮಾರು ಹೋದ ಮೇಲೆ ಈ ಕಟ್ಟುಗಳು ಅಟ್ಟ ಸೇರಿದವು, ಇಲ್ಲವೆ ಜಗುಲಿ ಏರಿ ಕುಂಕುಮ ಹಚ್ಚಿಸಿಕೊಂಡವು. ಕೆಲವಕ್ಕೆ ಹುಳ ಬಿತ್ತು, ಕೆಲವನ್ನು ಹೊಳೆಗೆ ಬಿಟ್ಟರು. ಪೂಜಿಸಿದವರೂ ಬಿಸಾಡಿದವರೂ ಒಂದು ಮಾತಿನಲ್ಲಿ ಸಮಾನರು: ಇಬ್ಬರೂ ಅದನ್ನು ಬಿಚ್ಚಿ ನೋಡಲಿಲ್ಲ.

ಬಿಚ್ಚಿ ನೋಡಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಅಂದಿನ ಬಿಜಾಪುರದಲ್ಲಿ ವಕೀಲರಾಗಿ ನೆಲೆ ನಿಂತವರು. ರಬಕವಿಯ ಮಂಚಾಲೆ ಮನೆತನದಲ್ಲಿದ್ದ ಓಲೆಗರಿಗಳಲ್ಲಿ ಅವರಿಗೆ ಶರಣರ ವಚನಗಳು ಕಂಡವು. ಆಗ ಆ ರಬಕವಿ ಸಾಂಗಲಿ ಸಂಸ್ಥಾನದ ಊರು ಎಂಬುದು ನಮಗೆ ನೆನಪಿರಬೇಕಾದ ಸಂಗತಿ. ಮುಂದೆ ಅವರು ಊರೂರು ಅಲೆದರು, ಮಠ ಮನೆಗಳ ಬಾಗಿಲು ತಟ್ಟಿದರು, ಸಿಕ್ಕ ಕಟ್ಟುಗಳನ್ನು ಒಂದರೊಡನೊಂದು ಹೋಲಿಸಿ ಪಾಠ ತಿದ್ದಿದರು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂತು.

ಅಚ್ಚಿನ ಕೆಲಸ ಪರರ ಕೈಯಲ್ಲಿದ್ದರೆ ಸಾಗದೆಂದು ಅವರು ಇದ್ದ ಮನೆಯನ್ನೇ ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿದರು. ಹಳೆಯ ಗರಿಗಳಿಗೆ ಜಾಗ ಮಾಡಿಕೊಡಲು ತಮ್ಮ ಮನೆಯನ್ನೇ ತೆರವು ಮಾಡಿದ ಮನುಷ್ಯ ಅವರು. ನಾವು ಮನೆ ಉಳಿಸಿಕೊಂಡು ಗಂಟು ಬಿಸಾಡುತ್ತೇವೆ. ಅವರು ಗಂಟು ಉಳಿಸಿಕೊಂಡು ಮನೆ ಬಿಟ್ಟುಕೊಟ್ಟರು. 1964ರಲ್ಲಿ ತೀರಿಕೊಳ್ಳುವವರೆಗೂ ಬಡತನ ಅವರ ಬೆನ್ನು ಬಿಡಲಿಲ್ಲ.

ಫಲವೇನಾಯಿತು? ಅಲ್ಲಿಯವರೆಗೆ ಕೆಲವು ವಚನಕಾರರ ಹೆಸರಷ್ಟೇ ಜನರಿಗೆ ಗೊತ್ತಿತ್ತು. ಈಗ ಮಾದಾರರು, ಅಂಬಿಗರು, ಕಾಯಕದ ಹೆಣ್ಣುಮಕ್ಕಳು ತಮ್ಮ ತಮ್ಮ ದನಿಯಲ್ಲಿ ಮಾತಾಡತೊಡಗಿದರು. ಅಚ್ಚಾದ ವಚನ ಹಾಡಾಯಿತು, ನಾಟಕವಾಯಿತು. ನಮ್ಮ ಮಿರಜಿನಲ್ಲಿ ನೀಲಕಂಠ ಬುವಾ ಅವರ ಬಳಿ ಕಲಿತ ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ರಾಗದಲ್ಲಿ ಹಾಡಿದರು. 1990ರಲ್ಲಿ ಗಿರೀಶ ಕಾರ್ನಾಡರು ಶರಣರ ಕಥೆಯಿಂದ 'ತಲೆದಂಡ' ನಾಟಕ ಕಟ್ಟಿದರು. ಹೊಸ ಸೃಷ್ಟಿಗೆ ಜಾಗ ಸಿಕ್ಕಿದ್ದು ಹಳೆಯದನ್ನು ಸುಟ್ಟಲ್ಲ, ಅದರ ದೂಳು ಜಾಡಿಸಿ.

ನಮ್ಮ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಜತ್ತ ಸಂಸ್ಥಾನ 1948ರಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆಯಲ್ಲಿ ಈ ತಾಲೂಕು ಮುಂಬಯಿ ರಾಜ್ಯದಲ್ಲೇ ಉಳಿದು, 1960ರಿಂದ ಮಹಾರಾಷ್ಟ್ರದಲ್ಲಿದೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಅಜ್ಜ ಓದಿದ್ದನ್ನು ಮೊಮ್ಮಗ ಓದಲಾರ. ಮೋಡಿ ಲಿಪಿಯಂತೂ ಇಬ್ಬರಿಗೂ ಒಗಟು. ಓದಲು ಬಾರದ್ದು ಬೇಗ ಕಸವಾಗಿ ಕಾಣುತ್ತದೆ. ಭಜನೆಯ ವಹಿ, ಸೋಬಾನೆ ಪದ ಬರೆದಿಟ್ಟ ನೋಟುಬುಕ್ಕು, ಮೋಡಿಯ ಖರೀದಿ ಪತ್ರ, ಇವೆಲ್ಲ ಗಡಿನಾಡಿನ ಚರಿತ್ರೆಯ ಸಾಕ್ಷಿಗಳು. ಗಡಿಯ ಊರಿನ ಚರಿತ್ರೆ ರಾಜಧಾನಿಯ ಕಪಾಟಿನಲ್ಲಿರುವುದಕ್ಕಿಂತ ಅಟ್ಟದ ಮೇಲೆಯೇ ಹೆಚ್ಚು.

ಆದ್ದರಿಂದ ಈ ಸಲ ಹರಕು ಚಾಪೆ, ತುಕ್ಕು ಡಬ್ಬಿ ಧಾರಾಳವಾಗಿ ಹೊರಗೆ ಹೋಗಲಿ. ಬರಹವಿರುವ ಗಂಟು ಸಿಕ್ಕರೆ ಮಾತ್ರ ಒಂದು ಗಳಿಗೆ ಕೈ ತಡೆಯಿರಿ. ನೀರು ತಾಗಿಸಬೇಡಿ, ಬಿಸಿಲಿಗೆ ಹರವಬೇಡಿ. ಮೆತ್ತಗಿನ ಬಟ್ಟೆಯಿಂದ ದೂಳು ಒರೆಸಿ, ಅರಿವೆಯಲ್ಲಿ ಸುತ್ತಿಡಿ. ಓದಬಲ್ಲ ಹಿರಿಯರಿಗೆ ತೋರಿಸಿ. ತಾಳೆಗರಿಯಾದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆ ವಿಚಾರಿಸಿ. ಮನೆ ಹಗುರಾಗಲಿ, ನೆನಪು ಬರಿದಾಗದಿರಲಿ.